ಗ್ಲಾಸಿನೊಳಗಿನ ಹೊಗೆ: ಪೀಟ್ ವಿಸ್ಕಿಗೆ ಆ ವಾಸನೆ ಬರುವುದಾದರೂ ಎಲ್ಲಿಂದ?

ವಿದೇಶದಿಂದ ಬಂದ ನೆಂಟರು ತಂದಿದ್ದ ಬಾಟಲಿಯ ಮುಚ್ಚಳ ತೆಗೆದಾಗ ಕೇಳಿದ ಮೊದಲ ಮಾತು, "ಇದೇನಿದು, ಫಿನಾಯಿಲ್ ವಾಸನೆ?" ಇನ್ನೊಬ್ಬರಿಗೆ ಡಾಂಬರು ಹಾಕುತ್ತಿರುವ ರಸ್ತೆ ನೆನಪಾಯಿತು. ಶಿರಸಿ ಕಡೆಯ ಮೂರನೆಯವರು ಸ್ವಲ್ಪ ಹೊತ್ತು ಮೂಸಿ ನೋಡಿ, "ನಮ್ಮ ಬಚ್ಚಲ ಒಲೆ ಇದ್ದಂಗಿದೆ" ಎಂದರು. ಬಾಟಲಿ ಕೆಟ್ಟಿರಲಿಲ್ಲ. ಮೂವರ ಮೂಗೂ ಸುಳ್ಳು ಹೇಳಿರಲಿಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಆ ಮೂರೂ ವಾಸನೆ ಒಂದೇ ಮನೆತನದವು.

ಇಂಥ ಬಾಟಲಿಗಳು ಇನ್ನು ಮುಂದೆ ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣಿಸಿಕೊಳ್ಳಬಹುದು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಪ್ರಕಾರ, ಸ್ಕಾಚ್ ವಿಸ್ಕಿಯ ಮೇಲಿನ ಶೇ 150ರ ಆಮದು ಸುಂಕ ಒಪ್ಪಂದ ಜಾರಿಯಾದೊಡನೆ ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯಬೇಕು. ರಾಜ್ಯದ ಅಬಕಾರಿ ಸುಂಕ ಇದರ ಮೇಲೆ ಬೇರೆಯೇ ಇರುತ್ತದೆ. ಹೀಗಾಗಿ ಬಾಟಲಿಯ ಮೇಲೆ 'ಪೀಟೆಡ್' ಎಂಬ ಪದ ಕಂಡಾಗ ಅದೇನೆಂದು ಕೇಳುವವರೂ ಹೆಚ್ಚುತ್ತಿದ್ದಾರೆ. ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಒಂದು ಕಾಳಿಗೆ ಅಂಟಿದ ಹೊಗೆ ಹತ್ತಾರು ವರ್ಷ ಬಾಳಿ ಗ್ಲಾಸಿನವರೆಗೆ ಬರುವ ಕಥೆ ಕುಡಿಯದವರಿಗೂ ಹಿಡಿಸುವಂಥದ್ದು.

ಮಾಲ್ಟ್ ಅಂದರೆ ನಮಗೆ ಗೊತ್ತಿರುವುದೇ

ಇಂಥ ಬಾಟಲಿಗಳ ಮೇಲೆ 'ಸಿಂಗಲ್ ಮಾಲ್ಟ್' ಎಂದೂ ಬರೆದಿರುತ್ತದೆ. 'ಸಿಂಗಲ್' ಎಂದರೆ ಒಂದೇ ಪೀಪಾಯಿಯಿಂದ ತೆಗೆದದ್ದು ಎಂದುಕೊಳ್ಳುವವರು ಬಹಳ. ಅದರ ನಿಜವಾದ ಅರ್ಥ ಒಂದೇ ಡಿಸ್ಟಿಲರಿಯಲ್ಲಿ, ಅಂದರೆ ಭಟ್ಟಿ ಇಳಿಸುವ ಒಂದೇ ಕಾರ್ಖಾನೆಯಲ್ಲಿ ತಯಾರಾದದ್ದು ಎಂದು. ಆ ಡಿಸ್ಟಿಲರಿಯ ನೂರಾರು ಪೀಪಾಯಿಗಳನ್ನು ಬೆರೆಸಿದ್ದರೂ ಅದು ಸಿಂಗಲ್ ಮಾಲ್ಟೇ.

'ಮಾಲ್ಟ್' ಪದವಂತೂ ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತೇವೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟಿಕೊಂಡು, ಗಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತಯಾರಾಗುತ್ತವೆ. ಮೊಳಕೆ ರಾಗಿಯ ಹಿಟ್ಟು ಮಗುವಿಗೆ ಸುಲಭವಾಗಿ ಜೀರ್ಣವಾಗುವುದು ಇದರಿಂದಲೇ. ಸ್ಕಾಟ್ಲೆಂಡಿನವರು ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ಬಸಿಯುತ್ತಾರೆ. ಅದಕ್ಕೆ ಯೀಸ್ಟ್ ಹಾಕಿ ಹುದುಗಿಸಿ, ತಾಮ್ರದ ದೊಡ್ಡ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡಬೇಕು, ಬಾಟಲಿಯಲ್ಲಿ ಮದ್ಯಸಾರ ಕನಿಷ್ಠ ಶೇ 40 ಇರಬೇಕು. ಸ್ಕಾಚ್‌ಗೆ ಇದು ಕಾನೂನು.

ಈ ಸರಣಿಯಲ್ಲಿ ಹೊಗೆ ಒಳಗೆ ನುಗ್ಗುವುದು 'ಒಣಗಿಸಿ' ಎಂಬ ಒಂದೇ ಹಂತದಲ್ಲಿ.

ಕೊಕೊಪೀಟ್ ಬಲ್ಲವರಿಗೆ ಪೀಟ್

ತಾರಸಿ ತೋಟ ಮಾಡುವವರ ಮನೆಯಲ್ಲಿ ಕೊಕೊಪೀಟ್ ಇಟ್ಟಿಗೆ ಇದ್ದೇ ಇರುತ್ತದೆ. ತೆಂಗಿನ ನಾರಿನ ಪುಡಿಗೆ ಆ ಹೆಸರು ಬಂದದ್ದು ಅದು ಅಸಲಿ ಪೀಟ್‌ನ ಬದಲಿಗೆ ಬಳಕೆಯಾಗುವುದರಿಂದ. ಅಸಲಿ ಪೀಟ್ ಎಂದರೆ ತಂಪು ದೇಶಗಳ ಜವುಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸತ್ತು, ಪೂರ್ತಿ ಕೊಳೆಯಲಾಗದೆ ಪದರ ಪದರವಾಗಿ ಕೂತ ಕಪ್ಪು ಮಣ್ಣಿನಂಥ ವಸ್ತು. ನೀರು ತುಂಬಿ ನಿಂತ ನೆಲದೊಳಗೆ ಗಾಳಿಯಾಡುವುದಿಲ್ಲ, ಹುಳಿ ಗುಣವೂ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಕೆಲಸ ನಡೆಯದು. ನಮ್ಮ ತಿಪ್ಪೆಗುಂಡಿಯಲ್ಲಿ ಒಂದು ವರ್ಷದಲ್ಲಿ ಗೊಬ್ಬರವಾಗುವ ಸೊಪ್ಪು ಅಲ್ಲಿ ಸಾವಿರಾರು ವರ್ಷ ಅರೆಕೊಳೆತ ಸ್ಥಿತಿಯಲ್ಲೇ ಉಳಿಯುತ್ತದೆ.

ಪೀಟ್ ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒಂದು ಮೀಟರ್ ಆಳದಿಂದ ಅಗೆದ ತುಂಡಿನಲ್ಲಿರುವುದು ಸುಮಾರು ಸಾವಿರ ವರ್ಷ ಹಿಂದಿನ ಗಿಡಗಳು, ಅಂದರೆ ಕಲ್ಯಾಣದ ಚಾಲುಕ್ಯರ ಕಾಲದ ಹುಲ್ಲು. ಉದ್ದ ಸಲಿಕೆಯಿಂದ ಇಟ್ಟಿಗೆಯಾಕಾರದಲ್ಲಿ ಕತ್ತರಿಸಿದಾಗ ಅದರ ತೂಕದ ಸುಮಾರು ಶೇ 90 ನೀರೇ ಇರುತ್ತದೆ. ವಾರಗಟ್ಟಲೆ ಗಾಳಿಗೆ ಒಣಗಿಸಿದ ಮೇಲೆ ನಮ್ಮ ಬೆರಣಿಯಂತೆ ಉರಿಯುತ್ತದೆ, ಬೆರಣಿಯಂತೆಯೇ ನಿಧಾನವಾಗಿ, ದಟ್ಟ ಹೊಗೆಯೊಂದಿಗೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ನೆಲದಲ್ಲಿ ಪೀಟ್ ಭೂಮಿ ಶೇ 3ರಷ್ಟು ಮಾತ್ರ. ಆದರೆ ಎಲ್ಲ ಕಾಡುಗಳ ಗಿಡಮರಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರೊಳಗೆ ಹೂತಿದೆ. ವಿಸ್ಕಿಗಾಗಿ ಸುಡುವ ಪೀಟ್ ತೋಟಗಾರಿಕೆಗೆ ಅಗೆಯುವುದಕ್ಕಿಂತ ತೀರ ಕಡಿಮೆ. ಆದರೂ ಮಿಲಿಮೀಟರಿನ ಲೆಕ್ಕದಲ್ಲಿ ಬೆಳೆಯುವುದನ್ನು ಗೇಣಿನ ಲೆಕ್ಕದಲ್ಲಿ ತೆಗೆದರೆ ಅದು ಮರಳಿ ತುಂಬುವುದು ನಮ್ಮ ಜೀವಮಾನದಲ್ಲಿ ಆಗುವ ಕೆಲಸವಲ್ಲ.

ಬಿಸಿಲಿಲ್ಲದ ಊರಿನ ಉಪಾಯ

ಮೊಳಕೆ ರಾಗಿಯನ್ನು ನಾವು ಬಿಸಿಲಿಗೆ ಹರವುತ್ತೇವೆ. ಸ್ಕಾಟ್ಲೆಂಡಿನಲ್ಲಿ ಅಂಥ ಬಿಸಿಲಿಲ್ಲ. ಒಣಗಿಸದೆ ಬಿಟ್ಟರೆ ಮೊಳಕೆ ಬೆಳೆದು, ಮದ್ಯವಾಗಬೇಕಾದ ಪಿಷ್ಟವನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಆದ್ದರಿಂದ ಬೆಂಕಿಯ ಶಾಖ ಬೇಕೇಬೇಕು.

ಈ ಕಷ್ಟ ಉತ್ತರ ಕನ್ನಡದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಉಪ್ಪಾಗೆ ಹಣ್ಣಾಗುವುದು ಸುರಿಯುವ ಮಳೆಗಾಲದಲ್ಲಿ. ಅದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸುವಂತಿಲ್ಲ, ಆದ್ದರಿಂದ ಕಟ್ಟಿಗೆ ಬೆಂಕಿಯ ಮೇಲೆ ತಟ್ಟಿ ಹಾಸಿ ಒಣಗಿಸುತ್ತಾರೆ. ಕಪ್ಪಾದ ಆ ಸಿಪ್ಪೆಗೆ ಹೊಗೆ ಅಂಟುತ್ತದೆ. ಯಾರೂ ಹೊಗೆಯ ರುಚಿ ಬೇಕೆಂದು ಶುರು ಮಾಡಿದ್ದಲ್ಲ. ಮಳೆ, ಬೆಂಕಿ, ಕೈಗೆ ಸಿಕ್ಕ ಉರುವಲು ಸೇರಿ ಆದ ರುಚಿ ಅದು. ಪೀಟ್ ವಿಸ್ಕಿಯ ಹುಟ್ಟೂ ಹೀಗೆಯೇ. ಗಾಳಿ ಹೊಡೆತಕ್ಕೆ ಮರಗಳೇ ಕಡಿಮೆಯಿರುವ ದ್ವೀಪಗಳಲ್ಲಿ ಅಡುಗೆಗೂ ಚಳಿ ಕಾಯಿಸಲಿಕ್ಕೂ ಇದ್ದ ಉರುವಲು ಪೀಟ್ ಒಂದೇ. ಬಾರ್ಲಿ ಒಣಗಿಸಲೂ ಅದೇ ಆಯಿತು.

ಹಿಂದೆ ಸ್ಕಾಟ್ಲೆಂಡಿನ ಒಳನಾಡಿನ ವಿಸ್ಕಿಗಳಲ್ಲೂ ಹೊಗೆ ಇರುತ್ತಿತ್ತು. 19ನೇ ಶತಮಾನದಲ್ಲಿ ರೈಲು ಬಂದು ಸ್ಪೇಸೈಡ್ ಪ್ರದೇಶಕ್ಕೆ ಕಲ್ಲಿದ್ದಲು, ಅದರಿಂದಲೇ ಮಾಡುವ ಕೋಕ್ ಎಂಬ ಉರುವಲು ತಲುಪಿಸತೊಡಗಿದ ಮೇಲೆ ಅಲ್ಲಿ ಹೊಗೆ ಕಡಿಮೆಯಾಗುತ್ತ ಬಂತು. ರೈಲು ತಲುಪದ ದ್ವೀಪಗಳಲ್ಲಿ ಹಳೆಯ ರುಚಿ ಉಳಿಯಿತು. ಅದರಲ್ಲಿ ಮುಖ್ಯವಾದದ್ದು ಪಶ್ಚಿಮ ಕರಾವಳಿಯಾಚೆಯ ಐಲಾ. ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ಒಂದು 'ಸ' ಇದ್ದರೂ ಅದನ್ನು ಉಚ್ಚರಿಸುವುದಿಲ್ಲ. ಸುಮಾರು 620 ಚದರ ಕಿಲೋಮೀಟರಿನ, ಮೂರು ಸಾವಿರ ಚಿಲ್ಲರೆ ಜನರಿರುವ ಈ ದ್ವೀಪದಲ್ಲಿ ಆರ್ಡ್‌ಬೆಗ್, ಲಾಗವೂಲಿನ್, ಲಫ್ರಾಯ್ಗ್, ಬೊಮೋರ್, ಕಲ್ ಈಲಾ ಎಂಬ ಹೆಸರಾಂತ ಡಿಸ್ಟಿಲರಿಗಳೆಲ್ಲ ಇವೆ.

ಒಣಗಿಸುವ ಗೂಡಿನಲ್ಲಿ ಜಾಲರಿ ನೆಲದ ಮೇಲೆ ಹಸಿ ಮಾಲ್ಟ್ ಹರವಿ, ಕೆಳಗೆ ಪೀಟ್ ಹಾಕುತ್ತಾರೆ. ಧಗಧಗ ಉರಿಯಬಾರದು, ಕಮರುತ್ತ ಹೊಗೆಯಾಡಬೇಕು. ಕಾಳಿನಲ್ಲಿ ಆಗ ಶೇ 45ರಷ್ಟು ತೇವ ಇರುತ್ತದೆ. ಹೊಗೆ ಚೆನ್ನಾಗಿ ಅಂಟುವುದು ಸಿಪ್ಪೆ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ. ಸಿಪ್ಪೆ ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದರೂ ಹೆಚ್ಚು ಹಿಡಿಯದು. ಆ ಹೊತ್ತಿಗೆ ಹೊಗೆ ನಿಲ್ಲಿಸಿ, ಬರಿ ಬಿಸಿಗಾಳಿಯಿಂದ ಒಣಗಿಸಿ ತೇವವನ್ನು ಶೇ 5ರ ಆಸುಪಾಸಿಗೆ ತರುತ್ತಾರೆ. ಹೊಗೆಯಿಲ್ಲದ ವಿಸ್ಕಿಗೆ ಮೊದಲಿಂದ ಕೊನೆಯವರೆಗೂ ಬಿಸಿಗಾಳಿಯೇ. ಹುಣಸೂರು ಕಡೆಯ ತಂಬಾಕು ಬ್ಯಾರನ್ ನೋಡಿದವರಿಗೆ ಇದು ಗೊತ್ತು. ಅಲ್ಲಿ ಬೆಂಕಿಯ ಶಾಖ ಕೊಳವೆಯೊಳಗಿಂದ ಬರುತ್ತದೆ, ಹೊಗೆ ಎಲೆಗೆ ತಾಗುವುದೇ ಇಲ್ಲ.

ಫಿನಾಲ್ ಮನೆತನ

ಹೊಗೆ ಎಂಬುದು ಒಂದು ರುಚಿಯಲ್ಲ. ಪೀಟ್ ಕಮರಿದಾಗ ಗಿಡಗಳ ನಾರು ಶಾಖಕ್ಕೆ ಒಡೆದು ಫಿನಾಲ್‌ಗಳೆಂಬ ಹತ್ತಾರು ಸಂಯುಕ್ತಗಳಾಗುತ್ತವೆ. ಅಣ್ಣತಮ್ಮಂದಿರಂತೆ ಮುಖಚಹರೆ ಒಂದೇ, ಸ್ವಭಾವ ಬೇರೆ ಬೇರೆ.

ಹಿರಿಯಣ್ಣ ಫಿನಾಲ್. ಇದರ ಹಳೆಯ ಹೆಸರು ಕಾರ್ಬಾಲಿಕ್ ಆಮ್ಲ. 1865ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ ಗಾಯಗಳು ಕೀವು ಕಟ್ಟದಂತೆ ಇದನ್ನು ಹಚ್ಚಿ ಗೆದ್ದ. ಅಲ್ಲಿಂದ ಆಸ್ಪತ್ರೆಗಳಿಗೆ, ಸೋಪಿಗೆ, ನೆಲ ತೊಳೆಯುವ ದ್ರವಕ್ಕೆ ಈ ವಾಸನೆ ಹರಡಿತು. ನಮ್ಮ ಹಿರಿಯರ ಕಾಲದ ಕೆಂಪು ಕಾರ್ಬಾಲಿಕ್ ಸೋಪು, ಬಸ್ ನಿಲ್ದಾಣದ ಕಪ್ಪು ಫಿನಾಯಿಲ್ ಎಲ್ಲ ಈ ಬಳಗದವೇ. ಡೆಟಾಲ್‌ನಲ್ಲಿರುವ ಕ್ಲೋರೊಕ್ಸಿಲಿನಾಲ್ ಕೂಡ ಫಿನಾಲ್‌ನ ದೂರದ ನೆಂಟ. ವಿಸ್ಕಿ ಮೂಸಿ 'ಆಸ್ಪತ್ರೆ' ಎನ್ನುವವರು ಕಲ್ಪನೆ ಮಾಡುತ್ತಿಲ್ಲ, ಆಸ್ಪತ್ರೆಯಲ್ಲಿ ಮೂಗಿಗೆ ಬಡಿದದ್ದನ್ನೇ ಮತ್ತೆ ಗುರುತಿಸುತ್ತಿದ್ದಾರೆ.

ಎರಡನೆಯವರು ಕ್ರೆಸಾಲ್‌ಗಳು. ಡಾಂಬರು, ಬ್ಯಾಂಡೇಜು, ಔಷಧಿ ಅಂಗಡಿಯ ವಾಸನೆ ಇವರದು. ಇವರಲ್ಲೇ ಒಬ್ಬ ಪ್ಯಾರಾ-ಕ್ರೆಸಾಲ್. ದನದ ಕೊಟ್ಟಿಗೆಯ ವಾಸನೆಯಲ್ಲಿ ಇವನ ಪಾಲು ದೊಡ್ಡದು. ಕೆಲವು ಪೀಟ್ ವಿಸ್ಕಿಗಳಲ್ಲಿ ಬೆಳಗಿನ ಹಟ್ಟಿ ಹೊಕ್ಕಂತೆ ಅನಿಸುವುದಕ್ಕೆ ಕಾರಣ ಇದೇ. ಗ್ಲಾಸಿನಲ್ಲಿ ಕೊಟ್ಟಿಗೆ ಎಂದರೆ ಬೈಗುಳದಂತೆ ಕೇಳಿಸಬಹುದು, ಆದರೆ ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಅದು ಹತ್ತಿರದ ವಾಸನೆ.

ಮೂರನೆಯದು ಗ್ವಾಯಕಾಲ್. 'ಹೊಗೆ' ಎಂದೊಡನೆ ಮನಸ್ಸಿಗೆ ಬರುವ ಹಿತವಾದ ಕಟ್ಟಿಗೆ ಒಲೆಯ ವಾಸನೆ ಇದು. ಹುರಿದ ಕಾಫಿ ಬೀಜದ ಘಮದಲ್ಲೂ ಇದಿದೆ. ಇದರ ಹತ್ತಿರದ ಸಂಬಂಧಿ ಯೂಜಿನಾಲ್, ನಮ್ಮ ಲವಂಗದ ಜೀವಾಳ. ಕೆಲವರಿಗೆ ಹೊಗೆಯ ನಡುವೆ ಲವಂಗ ಕಚ್ಚಿದಂತೆ ಆಗುವುದು ಇದರಿಂದ. ಸಿರಿಂಗಾಲ್ ಎಂಬ ಇನ್ನೊಂದು, ಹೊಗೆಗೂಡಿನ ಮೇಲೆ ಕಟ್ಟಿಟ್ಟ ಮಾಂಸ ಮೀನಿಗೆ ಬರುವ ಘಮಲನ್ನು ನೆನಪಿಸುತ್ತದೆ.

ಇವು ಯಾವ ಪ್ರಮಾಣದಲ್ಲಿ ಬರುತ್ತವೆ ಎನ್ನುವುದು ಪೀಟ್‌ನಲ್ಲಿ ಯಾವ ಗಿಡ ಹೂತಿತ್ತು ಎಂಬುದರ ಮೇಲೂ ನಿಂತಿದೆ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್, ಸಿರಿಂಗಾಲ್ ಹುಟ್ಟುತ್ತವೆ. ಸ್ಫ್ಯಾಗ್ನಮ್ ಎಂಬ ಜವುಗು ಪಾಚಿಯಲ್ಲಿ ಲಿಗ್ನಿನ್ ಇಲ್ಲ, ಅದರ ಹೊಗೆ ಫಿನಾಲ್, ಕ್ರೆಸಾಲ್ ಕಡೆಗೆ ವಾಲುತ್ತದೆ. ಉತ್ತರದ ಆರ್ಕ್ನಿ ದ್ವೀಪದಲ್ಲಿ ಹೈಲ್ಯಾಂಡ್ ಪಾರ್ಕ್ ಡಿಸ್ಟಿಲರಿಯವರು ಹಾಬಿಸ್ಟರ್ ಬಯಲಿನಿಂದ ತರುವ ಪೀಟ್‌ನಲ್ಲಿ ಹೆದರ್ ಎಂಬ ಹೂಬಿಡುವ ಕುರುಚಲು ಗಿಡವೇ ಹೆಚ್ಚು. ಅಲ್ಲಿನ ಹೊಗೆ ಐಲಾದ ಔಷಧಿ ಘಾಟಿಗಿಂತ ಮೆದುವಾಗಿ, ಧೂಪ ಹಾಕಿದ ಕೋಣೆಯಂತೆ ಇರುತ್ತದೆ.

ಪಿಪಿಎಂ ಸಂಖ್ಯೆ ಏನು ಹೇಳುತ್ತದೆ

ಪೀಟ್ ವಿಸ್ಕಿಯ ಮಾತು ಬಂದಲ್ಲೆಲ್ಲ 'ಇಷ್ಟು ಪಿಪಿಎಂ' ಎಂಬ ಲೆಕ್ಕ ಬರುತ್ತದೆ. ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಫಿನಾಲ್‌ಗಳು ಎಂದು ಇದರ ಅರ್ಥ. ಲಾಗವೂಲಿನ್ ಸುಮಾರು 35, ಲಫ್ರಾಯ್ಗ್ 40 ದಾಟುತ್ತದೆ, ಆರ್ಡ್‌ಬೆಗ್ 55ರ ಸುತ್ತ. ಐಲಾದ ಬ್ರುಕ್‌ಲಾಡಿ ಡಿಸ್ಟಿಲರಿ ತಯಾರಿಸುವ ಆಕ್ಟೋಮೋರ್‌ನ ಒಂದು ಆವೃತ್ತಿ 309 ಮುಟ್ಟಿತ್ತು. ಅದೇ ಬ್ರುಕ್‌ಲಾಡಿ ತನ್ನ ಸ್ವಂತ ಹೆಸರಿನಲ್ಲಿ ಮಾರುವ ವಿಸ್ಕಿಯಲ್ಲಿ ಪೀಟ್ ಹೊಗೆಯೇ ಇಲ್ಲ. ಐಲಾದ್ದೆಲ್ಲ ಹೊಗೆಯದ್ದೇ ಎಂದು ತಿಳಿದು ಕೊಳ್ಳಬೇಡಿ.

ಇಲ್ಲಿ ಜನ ಎಡವುವ ಜಾಗವೊಂದಿದೆ. ಈ ಸಂಖ್ಯೆ ಸಾಮಾನ್ಯವಾಗಿ ಮಾಲ್ಟ್‌ನಲ್ಲಿ ಅಳೆದದ್ದು, ಬಾಟಲಿಯಲ್ಲಿ ಅಲ್ಲ. ಸಿಪ್ಪೆಯ ಜೊತೆ ಒಂದಷ್ಟು, ಹುದುಗುವಾಗ ಒಂದಷ್ಟು, ಭಟ್ಟಿಯಲ್ಲಿ ಬಹುಪಾಲು ಕಳೆದು, ಹೊರಬರುವ ಮದ್ಯದಲ್ಲಿ ಅರ್ಧವೋ ಅದಕ್ಕಿಂತ ಕಡಿಮೆಯೋ ಉಳಿಯುತ್ತದೆ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಇನ್ನೂ ಕುಗ್ಗುತ್ತದೆ. ಸಾರಿಗೆ ಹಾಕಿದ ಮೆಣಸಿನಕಾಯಿಯ ಲೆಕ್ಕ ಕೇಳಿ ಖಾರ ಎಷ್ಟೆಂದು ಹೇಳಲಾಗುವುದಿಲ್ಲವಲ್ಲ, ಹಾಗೆ.

ಒಂದೇ ಮಾಲ್ಟ್, ಎರಡು ರುಚಿ

ಲಾಗವೂಲಿನ್ ಮತ್ತು ಕಲ್ ಈಲಾ ಎರಡಕ್ಕೂ ಮಾಲ್ಟ್ ಬರುವುದು ಪೋರ್ಟ್ ಎಲೆನ್ ಎಂಬ ಊರಿನ ಒಂದೇ ಮಾಲ್ಟಿಂಗ್ ಕಾರ್ಖಾನೆಯಿಂದ, ಹೊಗೆಯ ಅಳತೆಯೂ ಒಂದೇ. ಆದರೂ ಲಾಗವೂಲಿನ್ ದಪ್ಪ, ಎಣ್ಣೆಯಂತೆ ನಾಲಿಗೆಗೆ ಅಂಟುವ, ಒಣದ್ರಾಕ್ಷಿಯ ಸಿಹಿ ಬೆರೆತ ಹೊಗೆ. ಕಲ್ ಈಲಾ ತೆಳು, ನಿಂಬೆಸಿಪ್ಪೆಯ ಚುರುಕಿನ ಹೊಗೆ. ಹೀಗೇಕೆ?

ಉತ್ತರ ಭಟ್ಟಿಯಲ್ಲಿದೆ. ಕಾಯಿಸಿದಾಗ ಆವಿಯಾಗಿ ಮೇಲೇರಿದ್ದರಲ್ಲಿ ಭಾರದ ಅಂಶಗಳು ತಾಮ್ರದ ಗೋಡೆಗೆ ತಾಗಿ ತಣಿದು ಮತ್ತೆ ಕೆಳಗಿಳಿಯುತ್ತವೆ. ಪಾತ್ರೆ ಎತ್ತರವಿದ್ದು, ಪೂರ್ತಿ ತುಂಬದೆ ಬಿಟ್ಟರೆ ಆವಿ ದೂರ ಹತ್ತಬೇಕು, ಹಗುರವಾದದ್ದೇ ಹೆಚ್ಚು ದಾಟುತ್ತದೆ. ಕಲ್ ಈಲಾದಲ್ಲಿ ಆಗುವುದು ಇದು. ಲಾಗವೂಲಿನ್ ಪಾತ್ರೆಗಳನ್ನು ಕಂಠಮಟ್ಟ ತುಂಬಿ ನಿಧಾನವಾಗಿ ಇಳಿಸುತ್ತಾರೆ, ಭಾರದ ಅಂಶಗಳೂ ದಾಟಿ ಬರುತ್ತವೆ.

ಇನ್ನೊಂದು ಗುಟ್ಟು, ಯಾವಾಗ ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು. ಭಟ್ಟಿಯಿಂದ ಮೊದಲು ಬರುವ ಘಾಟು ಭಾಗವನ್ನೂ ಕೊನೆಯ ಭಾಗವನ್ನೂ ಬೇರೆ ತೆಗೆದು, ನಡುವಿನದನ್ನು ಮಾತ್ರ ಪೀಪಾಯಿಗೆ ಹಾಕುತ್ತಾರೆ. ಮೊದಮೊದಲು ಬರುವುದು ಹಣ್ಣಿನ ಸುವಾಸನೆಯ ಅಂಶಗಳು. ಫಿನಾಲ್‌ಗಳು ಭಾರ, ಅವು ಬರುವುದು ತಡವಾಗಿ. ಬೇಗ ನಿಲ್ಲಿಸಿದರೆ ಹೊಗೆ ಕಡಿಮೆ, ತಡಮಾಡಿದರೆ ಹೊಗೆ ದಟ್ಟ. 35 ಪಿಪಿಎಂ ಎಂಬ ಒಂದೇ ಅಂಕಿ ಎರಡು ಕೈಗಳಲ್ಲಿ ಎರಡು ವಿಸ್ಕಿಯಾಗುವುದು ಇಲ್ಲೇ.

ಆಮೇಲಿನ ಪಾತ್ರ ಪೀಪಾಯಿಯದು. ಒಳಮೈ ಸುಟ್ಟ ಅಮೆರಿಕನ್ ಓಕ್ ಪೀಪಾಯಿ ವೆನಿಲ್ಲಾ, ತೆಂಗಿನಕಾಯಿಯ ಸಿಹಿ ಕೊಡುತ್ತದೆ. ಷೆರಿ ಎಂಬ ದ್ರಾಕ್ಷಿ ಮದ್ಯ ಇದ್ದ ಪೀಪಾಯಿ ಒಣಹಣ್ಣಿನ ರುಚಿ ಕೊಡುತ್ತದೆ. ಹತ್ತು ವರ್ಷದ್ದರಲ್ಲಿ ಮುಖಕ್ಕೇ ಬಡಿಯುವ ಹೊಗೆ ಇಪ್ಪತ್ತೈದು ವರ್ಷದ್ದರಲ್ಲಿ ಹಣ್ಣು, ಮರದ ಹಿಂದೆ ಸರಿದಿರುತ್ತದೆ. ಹೊಗೆಗಾಗಿಯೇ ಹುಡುಕುವವರು ಹೆಚ್ಚು ಹಣ ಕೊಟ್ಟು ಹಳೆಯದಕ್ಕೆ ಹೋಗಬೇಕಾಗಿಲ್ಲ.

ನೀರು ಮತ್ತು ಉಪ್ಪಿನ ಮಾತು

ಪೀಟ್ ನೆಲದಿಂದ ಹರಿದು ಬರುವ ಕಂದು ನೀರಿನಿಂದಲೇ ಹೊಗೆಯ ರುಚಿ ಬರುತ್ತದೆ ಎಂಬ ನಂಬಿಕೆ ಹಳೆಯದು. ಸುಡದ ಪೀಟ್‌ನಲ್ಲಿ ಹೊಗೆ ಎಲ್ಲಿಂದ ಬರಬೇಕು? ಪೀಟ್ ನೆಲದ ಐಲಾದಲ್ಲೇ ಇದ್ದರೂ ಬುನಹಾವನ್ ಡಿಸ್ಟಿಲರಿ ಬಹುಮಟ್ಟಿಗೆ ಹೊಗೆಯಿಲ್ಲದ ವಿಸ್ಕಿಯನ್ನೇ ಮಾಡಿಕೊಂಡು ಬಂದಿದೆ. ಸಮುದ್ರದ ಉಪ್ಪಿನ ರುಚಿ ಎನ್ನುವುದೂ ಹೀಗೆ. ಉಪ್ಪು ಆವಿಯಾಗಿ ಭಟ್ಟಿ ದಾಟುವುದಿಲ್ಲ, ನಾಲಿಗೆಗೆ ತಿಳಿಯುವಷ್ಟು ಉಪ್ಪು ವಿಸ್ಕಿಯಲ್ಲಿ ಇರುವುದಿಲ್ಲ. ಫಿನಾಲ್‌ಗಳ ಔಷಧಿ ವಾಸನೆ ಕಡಲಕಳೆ, ಅಯೋಡಿನ್, ಒಣಮೀನನ್ನು ನೆನಪಿಸಿದಾಗ ಮಿದುಳು ಉಪ್ಪನ್ನು ತಾನೇ ಸೇರಿಸಿಕೊಳ್ಳುತ್ತದೆ.

ಮೈಸೂರು ರಸ್ತೆಯ ಹೊಗೆ

ಈ ಕಥೆಯಲ್ಲಿ ಬೆಂಗಳೂರಿಗೂ ಜಾಗವಿದೆ. 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ಅನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, ಸ್ಕಾಚ್‌ನ ಮನೆಯಂಗಳದಲ್ಲೇ. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಇದರ ಪೀಟೆಡ್ ವಿಸ್ಕಿಗೆ ಹೊಗೆ ಹಿಡಿಸಿದ ಬಾರ್ಲಿ ಬರುವುದು ಸ್ಕಾಟ್ಲೆಂಡಿನಿಂದ. 2009ರ 'ಫ್ಯೂಷನ್' ಹೆಸರೇ ಹೇಳುವಂತೆ ಎರಡರ ಕೂಡುವಿಕೆ: ಹೆಚ್ಚಿನ ಪಾಲು ಭಾರತದ ಹೊಗೆಯಿಲ್ಲದ ಬಾರ್ಲಿ, ಉಳಿದದ್ದು ಸ್ಕಾಟ್ಲೆಂಡಿನ ಪೀಟ್ ಬಾರ್ಲಿ. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಇದಕ್ಕೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು.

ಇಲ್ಲಿಯ ಹವೆ ರುಚಿಯನ್ನೇ ಬದಲಿಸುತ್ತದೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಹೋಗುವುದು ಶೇ 10ರಿಂದ 12. ಸೆಕೆಗೆ ಮದ್ಯ ಮರದೊಳಕ್ಕೆ ಬೇಗ ಇಳಿದು, ಅದರ ಬಣ್ಣ, ಸಿಹಿಯನ್ನು ಬೇಗ ಎಳೆದುಕೊಳ್ಳುತ್ತದೆ. ಹೀಗಾಗಿ ನಾಲ್ಕೈದು ವರ್ಷದ ಬೆಂಗಳೂರಿನ ಪೀಟ್ ವಿಸ್ಕಿಯಲ್ಲಿ ಎಳೆಯ ಪ್ರಾಯದ ಹೊಗೆಯ ಜೊತೆಗೇ ಪ್ರೌಢ ಪೀಪಾಯಿಯ ಸಿಹಿಯೂ ಸಿಗುತ್ತದೆ. ಚಳಿ ದೇಶದಲ್ಲಿ ಇವೆರಡು ಹೀಗೆ ಒಟ್ಟಿಗೆ ಸಿಗುವುದು ಅಪರೂಪ.

ಎರಡು ಹನಿ ನೀರು

ವಿಸ್ಕಿಗೆ ಸ್ವಲ್ಪ ನೀರು ಬೆರೆಸಿದರೆ ಹೊಗೆ ಅರಳುತ್ತದೆ ಎಂದು ಹಳಬರು ಹೇಳುತ್ತಿದ್ದರು. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್ಮನ್ ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಲೆಕ್ಕ ಹಾಕಿ ಇದಕ್ಕೆ ವಿವರಣೆ ಕೊಟ್ಟರು. ಗ್ವಾಯಕಾಲ್ ಅಣುಗಳು ನೀರಿಗಿಂತ ಮದ್ಯಸಾರದ ಸಂಗವನ್ನು ಬಯಸುತ್ತವೆ. ಮದ್ಯಸಾರ ಶೇ 59ಕ್ಕಿಂತ ಹೆಚ್ಚಿದ್ದರೆ ಅದು ಅವುಗಳನ್ನು ಸುತ್ತುವರಿದು ದ್ರವದೊಳಗೇ ಹಿಡಿದಿಡುತ್ತದೆ. ಶೇ 45 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮದ್ಯಸಾರ ಮೇಲ್ಮೈಯಲ್ಲಿ ಸೇರಿಕೊಳ್ಳುತ್ತದೆ, ಅದರ ಜೊತೆ ಗ್ವಾಯಕಾಲ್ ಕೂಡ ಮೇಲೆ ಬಂದು ಮೂಗಿಗೆ ಹತ್ತಿರವಾಗುತ್ತದೆ. ತೀರ ಹೆಚ್ಚು ನೀರು ಹಾಕಿದರೆ ಎಲ್ಲವೂ ಪೇಲವ. ಐಸ್ ಹಾಕಿದರೂ ಘಮ ಅಡಗುತ್ತದೆ, ತಣ್ಣಗಿರುವುದರಿಂದ ಆವಿ ಏಳುವುದಿಲ್ಲ.

ನಾವು 'ರುಚಿ' ಎನ್ನುವುದರಲ್ಲಿ ಹೆಚ್ಚಿನದು ಮೂಗಿನ ಕೆಲಸವೇ. ಹಾಗಾಗಿ ಈ ಮನೆತನದ ಪರಿಚಯ ಮಾಡಿಕೊಳ್ಳಲು ಕುಡಿಯಲೇಬೇಕೆಂದೂ ಇಲ್ಲ. ನೆಂಟರ ಬಾಟಲಿ ತೆಗೆದ ಮರುದಿನ ಬೆಳಿಗ್ಗೆ ತೊಳೆಯಲು ಇಟ್ಟಿದ್ದ ಖಾಲಿ ಗ್ಲಾಸುಗಳನ್ನು ಮೂಸಿ ನೋಡಿದೆ. ಮದ್ಯಸಾರ ರಾತ್ರಿಯೇ ಹಾರಿಹೋಗಿತ್ತು, ಹಣ್ಣಿನ ವಾಸನೆಯೂ ಇರಲಿಲ್ಲ. ಬೇಗ ಆವಿಯಾಗದ ಫಿನಾಲ್‌ಗಳು ಮಾತ್ರ ಗಾಜಿಗೆ ಅಂಟಿ ಕೂತಿದ್ದವು. ಫಿನಾಯಿಲ್ ಇಲ್ಲ, ಡಾಂಬರಿಲ್ಲ. ತಣ್ಣಗಾದ ಬಚ್ಚಲ ಒಲೆಯ ಬೂದಿಯ ವಾಸನೆ. ಶಿರಸಿಯವರಿಗೂ ಒಂದು ಗ್ಲಾಸು ಕೊಟ್ಟೆ. ಅವರು ಮೂಸಿ, ತಲೆಯಾಡಿಸಿ, ಗ್ಲಾಸನ್ನು ಕೆಳಗಿಡದೆ ಸ್ವಲ್ಪ ಹೊತ್ತು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು.